ಎರಡು ಸಂಬಳ, ಒಂದು ಮನೆ: ತಿಂಗಳ ಖರ್ಚನ್ನು ಗಂಡ ಹೆಂಡತಿ ಕೂತು ನೋಡುವ ಬಗೆ

ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ. ಇಬ್ಬರೂ ದುಡಿಯುವ ಮನೆಯಲ್ಲಿ ಕಾಲು ನಾಲ್ಕು. ಹಾಸಿಗೆಯ ಒಂದು ಬದಿ ಎಷ್ಟಿದೆ ಅಂತ ಅವನಿಗೆ ಗೊತ್ತು, ಇನ್ನೊಂದು ಬದಿ ಅವಳಿಗೆ ಗೊತ್ತು. ಪೂರ್ತಿ ಅಳತೆ ಇಬ್ಬರಿಗೂ ಗೊತ್ತಿಲ್ಲ. ಬಾಡಿಗೆ ಅವನ ಖಾತೆಯಿಂದ ಹೋಗುತ್ತದೆ, ದಿನಸಿ ಅವಳ ಯುಪಿಐನಿಂದ. ಚೀಟಿ ಅವಳದು, ಬೈಕ್ ಸಾಲ ಅವನದು. ತಿಂಗಳ 25ಕ್ಕೆ ಇಬ್ಬರೂ ಬ್ಯಾಲೆನ್ಸ್ ನೋಡಿ, ದುಡ್ಡು ಎಲ್ಲಿ ಹೋಯ್ತು ಅಂತ ಮುಖ ಮುಖ ನೋಡಿಕೊಳ್ಳುತ್ತಾರೆ.

ಹೊರಗಿನ ಕಾಫಿ ಬಿಡಿ, ಸಿನಿಮಾ ಬಿಡಿ ಅನ್ನುವ ಸಲಹೆ ಎಲ್ಲರೂ ಕೊಡುತ್ತಾರೆ. ದರ್ಶಿನಿಯ ಕಾಫಿಯಿಂದ ಮುಳುಗಿದ ಮನೆಯನ್ನು ನಾನಂತೂ ನೋಡಿಲ್ಲ. ದುಡ್ಡು ಸೋರುವ ಜಾಗ ಎರಡು. ಒಂದು, ಯಾವತ್ತೋ ಒಮ್ಮೆ ತೀರ್ಮಾನಿಸಿ ಮತ್ತೆ ಯಾರೂ ತಿರುಗಿ ನೋಡದ ಖರ್ಚು. ಇನ್ನೊಂದು, ಒಬ್ಬರ ಪರ್ಸಿನಲ್ಲಿ ಏನಿದೆ ಅಂತ ಇನ್ನೊಬ್ಬರಿಗೆ ಗೊತ್ತಿಲ್ಲದೆ ಇಬ್ಬರೂ ಕಟ್ಟುವ ಖರ್ಚು. ಈ ಎರಡನ್ನು ಹಿಡಿದರೆ ಕಾಫಿಯನ್ನು ಆರಾಮಾಗಿ ಕುಡಿಯಬಹುದು.

ಮೊದಲು ಕಾಗದ, ಆಮೇಲೆ ಮಾತು

ನೆನಪಿನಿಂದ ಲೆಕ್ಕ ಬರೆಯಬೇಡಿ. ನೆನಪು ಯಾವಾಗಲೂ ಖರ್ಚನ್ನು ಕಡಿಮೆ ಹೇಳುತ್ತದೆ. ಇಬ್ಬರ ಎಲ್ಲ ಬ್ಯಾಂಕ್ ಖಾತೆಗಳ ಮೂರು ತಿಂಗಳ ಸ್ಟೇಟ್‌ಮೆಂಟ್, ಕ್ರೆಡಿಟ್ ಕಾರ್ಡ್ ಬಿಲ್, ಯುಪಿಐ ಆ್ಯಪಿನ ವಹಿವಾಟು ಪಟ್ಟಿ ಇವಿಷ್ಟನ್ನು ಡೌನ್‌ಲೋಡ್ ಮಾಡಿ. ಆ ಮೂರರಲ್ಲಿ ಒಂದು ಹಬ್ಬದ ತಿಂಗಳು ಇರಲಿ. ವರಮಹಾಲಕ್ಷ್ಮಿ, ಗೌರಿ ಗಣೇಶ ಇರುವ ತಿಂಗಳು ಬಿಟ್ಟು ಬರೀ ಜೂನ್ ನೋಡಿದರೆ ನಿಮ್ಮ ಮನೆ ನಿಮಗೇ ಸುಳ್ಳು ಹೇಳುತ್ತದೆ.

ಭಾನುವಾರ ತಿಂಡಿ ಆದ ಮೇಲೆ ಒಂದು ಗಂಟೆ ಸಾಕು. ರಾತ್ರಿ ಸುಸ್ತಾಗಿ ಬಂದ ಮೇಲೆ ಕೂರಬೇಡಿ, ಅದು ಜಗಳದಲ್ಲೇ ಮುಗಿಯುತ್ತದೆ.

ಕೂರುವ ಮೊದಲು ಎರಡು ಮಾತು ಒಪ್ಪಿಕೊಳ್ಳಿ. ಮೊದಲನೆಯದು, "ಇದನ್ನ ಯಾಕೆ ತಗೊಂಡೆ" ಅನ್ನುವ ಪ್ರಶ್ನೆ ಇವತ್ತು ಇಲ್ಲ. ಆಗಿದ್ದು ಆಗಿಹೋಯ್ತು, ಮುಂದಿನ ತಿಂಗಳ ಮಾತು ಮಾತ್ರ. ಎರಡನೆಯದು, ಇಬ್ಬರಿಗೂ ಸಮನಾಗಿ ಒಂದು ಕೈಖರ್ಚು. ಸಾವಿರವೋ ಮೂರು ಸಾವಿರವೋ, ನಿಮ್ಮ ಶಕ್ತಿ ನೋಡಿಕೊಳ್ಳಿ. ಸಂಬಳ ಹೆಚ್ಚು ಕಡಿಮೆ ಇದ್ದರೂ ಇದು ಸಮ ಇರಲಿ. ಆ ದುಡ್ಡಿಗೆ ಲೆಕ್ಕ ಕೇಳುವಂತಿಲ್ಲ. ಇದಿಲ್ಲದೆ ಮಾಡಿದ ಬಜೆಟ್ ಎರಡನೇ ತಿಂಗಳಿಗೇ ಕಳ್ಳದಾರಿ ಹುಡುಕುತ್ತದೆ.

ಪಟ್ಟಿ ಬರೆಯುವುದು

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಬೆಂಗಳೂರಿನಲ್ಲಿ ಬಾಡಿಗೆ ಮನೆ, ಇನ್ನೂ ಮಕ್ಕಳಿಲ್ಲ. ಅವನ ಕೈಗೆ ಬರುವುದು 62,000, ಅವಳ ಕೈಗೆ 38,000. ಒಟ್ಟು ಒಂದು ಲಕ್ಷ. ಲೆಕ್ಕಕ್ಕೆ ಸುಲಭವಾಗಲಿ ಅಂತ ನಾನೇ ಕಟ್ಟಿದ ಅಂಕಿ ಇವು. ನಿಮ್ಮದನ್ನು ಹಾಕಿಕೊಳ್ಳಿ.

- ಬಾಡಿಗೆ, ಮೇಂಟೆನೆನ್ಸ್: 24,000
- ಊರಿಗೆ, ಎರಡೂ ಕಡೆಯ ಅಪ್ಪ ಅಮ್ಮನಿಗೆ: 10,000
- ಮದುವೆಗೆ ಮಾಡಿದ ಸಾಲದ ಇಎಂಐ: 9,000
- ಬೈಕ್ ಇಎಂಐ: 3,500
- ಚೀಟಿ: 5,000
- ದಿನಸಿ, ಹಾಲು, ತರಕಾರಿ: 13,000
- ಹೋಟೆಲ್, ಆನ್‌ಲೈನ್ ಊಟ: 8,500
- ಕರೆಂಟು, ನೀರು, ಗ್ಯಾಸ್: 2,200
- ಫೋನ್, ಇಂಟರ್‌ನೆಟ್, ಒಟಿಟಿ: 2,400
- ಪೆಟ್ರೋಲ್, ಮೆಟ್ರೋ, ಆಟೋ: 5,500
- ಮನೆಗೆಲಸದವರ ಸಂಬಳ: 2,500
- ವಿಮೆ: 2,400
- ಔಷಧಿ: 1,500

ಕೂಡಿದರೆ 89,500. ಅಂದರೆ ಕಾಗದದ ಮೇಲೆ 10,500 ಉಳಿಯಬೇಕು. ಬ್ಯಾಂಕಿನಲ್ಲಿ ನೋಡಿದರೆ ಏನೂ ಇಲ್ಲ. ಈ ತರ ಪಟ್ಟಿ ಬರೆದವರೆಲ್ಲ ಇಲ್ಲೇ ಬಂದು ನಿಲ್ಲುತ್ತಾರೆ, ಮತ್ತು ಬಹಳ ಜನ ಇಲ್ಲೇ ಕೈಬಿಡುತ್ತಾರೆ.

ತಿಂಗಳ ಪಟ್ಟಿಯಲ್ಲಿ ಕಾಣದ ಖರ್ಚು

ಆ 10,500ನ್ನು ತಿನ್ನುವುದು ವರ್ಷಕ್ಕೊಮ್ಮೆ, ಎರಡು ಸಲ ಬರುವ ಖರ್ಚುಗಳು. ಅವು ಪ್ರತಿ ತಿಂಗಳೂ ಬರುವುದಿಲ್ಲ. ಆದರೆ ಪ್ರತಿ ತಿಂಗಳೂ ಯಾವುದೋ ಒಂದು ಬರುತ್ತದೆ. ಅದಕ್ಕೇ ಪ್ರತಿ ಸಲವೂ "ಈ ತಿಂಗಳು ಮಾತ್ರ ಸ್ವಲ್ಪ ಜಾಸ್ತಿ ಆಯ್ತು" ಅನ್ನಿಸುತ್ತದೆ.

ಬೇರೆ ಹಾಳೆಯಲ್ಲಿ ಇವನ್ನು ಬರೆಯಿರಿ. ಊರಿಗೆ ಹೋಗಿ ಬರುವುದು ವರ್ಷಕ್ಕೆ 24,000. ಹಬ್ಬ, ಬಟ್ಟೆ 36,000. ಮದುವೆ, ಗೃಹಪ್ರವೇಶ, ನಾಮಕರಣಕ್ಕೆ ಮುಯ್ಯಿ 18,000. ಗಾಡಿ ಸರ್ವಿಸ್, ಗಾಡಿ ವಿಮೆ 12,000. ಮಿಕ್ಸಿ ಕೆಟ್ಟಿತು, ಫೋನ್ ಒಡೆಯಿತು ಅನ್ನುವಂಥದ್ದಕ್ಕೆ 12,000. ಒಟ್ಟು 1,02,000. ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 8,500. ಈಗ ನಿಜ ಗೊತ್ತಾಯ್ತು. ಇವರ ಕೈಯಲ್ಲಿ ಉಳಿಯುವುದು 10,500 ಅಲ್ಲ, 2,000.

ಮುಯ್ಯಿಯ ಬಗ್ಗೆ ಒಂದು ಮಾತು. ಇದನ್ನು ಬಜೆಟ್ಟಿನಲ್ಲಿ ಬರೆಯಲು ಜನ ನಾಚುತ್ತಾರೆ. ಆದರೆ ಮಾಘ ಮಾಸದಿಂದ ವೈಶಾಖದವರೆಗೆ ಲಗ್ನಪತ್ರಿಕೆ ಬರುತ್ತಲೇ ಇರುತ್ತವೆ, ಎರಡೂ ಮನೆಯ ಬಳಗ ಸೇರಿದರೆ ಇದು ಸಣ್ಣ ಮೊತ್ತವಲ್ಲ. ನಿಮ್ಮ ಮದುವೆಯ ಮುಯ್ಯಿ ಪುಸ್ತಕ ಹೊರಗೆ ತೆಗೆಯಿರಿ. ಯಾರು ಎಷ್ಟು ಹಾಕಿದ್ದರು ಅಂತ ಅದರಲ್ಲಿದೆ. ಅಷ್ಟಕ್ಕೆ ಸ್ವಲ್ಪ ಸೇರಿಸಿ ಕೊಟ್ಟರೆ ಮರ್ಯಾದೆ ಉಳಿಯುತ್ತದೆ, ಅಂದಾಜೂ ಸಿಗುತ್ತದೆ.

ಈ 8,500ಕ್ಕೆ ಬೇರೆ ಖಾತೆ ಇಡಿ. ಹೊಸದು ತೆರೆಯಬೇಕಿಲ್ಲ, ಎಲ್ಲೋ ಸುಮ್ನೆ ಬಿದ್ದಿರುವ ಹಳೇ ಸಂಬಳದ ಖಾತೆ ಇರುತ್ತದಲ್ವಾ, ಅದೇ ಆಗುತ್ತದೆ. ಆದರೆ ಕನಿಷ್ಠ ಬ್ಯಾಲೆನ್ಸ್ ನಿಯಮ ಏನು ಅಂತ ಮೊದಲು ಕೇಳಿಕೊಳ್ಳಿ. ಸಂಬಳ ಬರುವುದು ನಿಂತ ಮೇಲೆ ಅಂಥ ಖಾತೆಗಳಿಗೆ ಸಾಮಾನ್ಯ ಖಾತೆಯ ನಿಯಮ ಬರಬಹುದು.

ಎರಡು ಪರ್ಸು ಪಕ್ಕಪಕ್ಕದಲ್ಲಿ ಇಟ್ಟು ನೋಡಿ

ದೊಡ್ಡ ಉಳಿತಾಯ ಸಿಗುವುದು ಇಲ್ಲಿ. ನಿಧಾನವಾಗಿ ಮಾಡಿ.

ಮೊದಲು ಬಡ್ಡಿ. ಒಬ್ಬರು ಕ್ರೆಡಿಟ್ ಕಾರ್ಡಿನ ಕನಿಷ್ಠ ಮೊತ್ತವನ್ನಷ್ಟೇ ಕಟ್ಟುತ್ತಾ ಬಾಕಿ ಎಳೆಯುತ್ತಿರುತ್ತಾರೆ. ಇನ್ನೊಬ್ಬರ ಉಳಿತಾಯ ಖಾತೆಯಲ್ಲಿ ಕಷ್ಟಕಾಲಕ್ಕೆ ಅಂತ ದುಡ್ಡು ಸುಮ್ಮನೆ ಕೂತಿರುತ್ತದೆ. ನಾಚಿಕೆಯಿಂದ ಒಬ್ಬರು ಹೇಳುವುದಿಲ್ಲ, ಮುಂಜಾಗ್ರತೆಯಿಂದ ಇನ್ನೊಬ್ಬರು ಹೇಳುವುದಿಲ್ಲ. ಲೆಕ್ಕ ಹಾಕೋಣ. ಕಾರ್ಡಿನಲ್ಲಿ 60,000 ಬಾಕಿ, ತಿಂಗಳಿಗೆ ಶೇ 3.5 ಬಡ್ಡಿ ಅಂದರೆ 2,100. ಅದರ ಮೇಲೆ ಶೇ 18 ಜಿಎಸ್‌ಟಿ 378. ತಿಂಗಳಿಗೆ ಹತ್ತಿರ ಹತ್ತಿರ 2,500 ರೂಪಾಯಿ ಗಾಳಿಗೆ. ಅದೇ 60,000 ಉಳಿತಾಯ ಖಾತೆಯಲ್ಲಿ ಶೇ 2.5ರಲ್ಲಿ ದುಡಿಯುವುದು ತಿಂಗಳಿಗೆ 125. ಒಂದೇ ಮನೆಯ ದುಡ್ಡು! ಆ ಹಣದಿಂದ ಕಾರ್ಡ್ ತೀರಿಸಿ, ಉಳಿದ 2,500ರಲ್ಲಿ ಕಷ್ಟಕಾಲದ ನಿಧಿಯನ್ನು ಮತ್ತೆ ಕಟ್ಟಿ. ಎಫ್‌ಡಿ ಒಬ್ಬರ ಹೆಸರಲ್ಲಿ, ಶೇ 14ರ ಪರ್ಸನಲ್ ಲೋನ್ ಇನ್ನೊಬ್ಬರ ಹೆಸರಲ್ಲಿ ಇದ್ದರೂ ಇದೇ ಕಥೆ. ಅಲ್ಲಿ ಮಾತ್ರ ಸಾಲವನ್ನು ಬೇಗ ತೀರಿಸಿದರೆ ಎಷ್ಟು ಶುಲ್ಕ, ಎಫ್‌ಡಿ ಮುರಿದರೆ ಎಷ್ಟು ಬಡ್ಡಿ ಕಡಿತ, ಈ ಎರಡನ್ನೂ ಕೇಳಿ ಆಮೇಲೆ ಕೈ ಹಾಕಿ.

ಚೀಟಿಯನ್ನು ಎಲ್ಲರೂ ಉಳಿತಾಯದ ಸಾಲಿನಲ್ಲಿ ಬರೆಯುತ್ತಾರೆ. ಎತ್ತದ ಚೀಟಿ ಉಳಿತಾಯ ಹೌದು. ಎತ್ತಿದ ಮೇಲೆ ಅದು ಸಾಲ. ತಿಂಗಳಿಗೆ 5,000ದಂತೆ 20 ತಿಂಗಳ ಒಂದು ಲಕ್ಷದ ಚೀಟಿಯನ್ನು ಮೂರನೇ ತಿಂಗಳು 25,000 ಬಿಟ್ಟು ಕೂಗಿದರೆ ಕೈಗೆ ಬರುವುದು 75,000. ಮುಂದೆ ಕಟ್ಟುತ್ತಾ ಹೋಗುವುದು ಇಎಂಐ ಬಿಟ್ಟು ಬೇರೇನಲ್ಲ. ಹಾಗಾಗಿ ಎತ್ತಿದ ಚೀಟಿಯನ್ನು ಸಾಲದ ಸಾಲಿಗೆ ಹಾಕಿ. ಇನ್ನೊಂದು, ನೋಂದಣಿ ಆಗದ ಚೀಟಿಯಲ್ಲಿ ದುಡ್ಡಿದ್ದರೆ ಉಳಿತಾಯದ ಲೆಕ್ಕವೇ ಗಟ್ಟಿ ಇಲ್ಲ. ಸರ್ಕಾರದ ಎಂಎಸ್‌ಐಎಲ್ ಕೂಡ ಚೀಟಿ ನಡೆಸುತ್ತದೆ. ಚೀಟಿ ಹಾಕಲೇಬೇಕು ಅನ್ನುವವರು ಅಂಥ ಕಡೆ ಹಾಕಿ.

ಮನೆ ಸಾಲ ಇರುವವರಿಗೆ: 2025ರ ಫೆಬ್ರವರಿಯಿಂದ ಡಿಸೆಂಬರ್‌ವರೆಗೆ ರಿಸರ್ವ್ ಬ್ಯಾಂಕ್ ರೆಪೊ ದರವನ್ನು, ಅಂದರೆ ತಾನು ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿಯನ್ನು, ಶೇ 6.5ರಿಂದ 5.25ಕ್ಕೆ ಇಳಿಸಿತು. ರೆಪೊಗೆ ಜೋಡಿಸಿದ ಸಾಲವಾದರೆ ಇಳಿಕೆ ನಿಮಗೂ ಬಂದಿರಬೇಕು. 40 ಲಕ್ಷ, 20 ವರ್ಷದ ಸಾಲದಲ್ಲಿ ಬಡ್ಡಿ ಶೇ 8.75ರಿಂದ 7.5ಕ್ಕೆ ಇಳಿದರೆ ಇಎಂಐ ಸುಮಾರು 35,350ರಿಂದ 32,200ಕ್ಕೆ ಬರುತ್ತದೆ. ಬಹಳ ಬ್ಯಾಂಕುಗಳು ಇಎಂಐ ಹಾಗೇ ಇಟ್ಟು ಕಂತುಗಳನ್ನು ಕಡಿಮೆ ಮಾಡುತ್ತವೆ. ಅದು ನಷ್ಟವಲ್ಲ. ಆಗುವುದಾದರೆ ಹಾಗೇ ಬಿಡಿ, ಸಾಲ ಬೇಗ ಮುಗಿಯುತ್ತದೆ. ಹಳೇ ಪದ್ಧತಿಯ ಸಾಲವಾದರೆ ರೆಪೊಗೆ ಬದಲಿಸಿಕೊಡಿ ಅಂತ ಬ್ಯಾಂಕಿಗೆ ಬರೆದು ಕೇಳಿ. ಶುಲ್ಕ ಇರುತ್ತದೆ, ಹೋಲಿಸಿದರೆ ಸಣ್ಣದು.

ಇನ್ನು ಎರಡೆರಡು ಸಲ ಕಟ್ಟುವುದು. ಇಬ್ಬರ ಯುಪಿಐ ಆ್ಯಪಿನಲ್ಲೂ ಆಟೋಪೇ ಅನ್ನುವ ಜಾಗ ತೆರೆಯಿರಿ. ಕಾರ್ಡಿನ ಬಿಲ್ಲಿನಲ್ಲೂ ಪ್ರತಿ ತಿಂಗಳು ಒಂದೇ ಮೊತ್ತ ಹೋಗುವ ಸಾಲುಗಳನ್ನು ಗುರುತಿಸಿ. ಒಂದೇ ಒಟಿಟಿ ಇಬ್ಬರ ಹೆಸರಲ್ಲೂ ಇರುತ್ತದೆ. ಬ್ರಾಡ್‌ಬ್ಯಾಂಡ್ ಪ್ಲಾನಿನ ಜೊತೆ ಬಂದಿರುವ ಒಟಿಟಿಗೆ ಬೇರೆಯಾಗಿ ದುಡ್ಡು ಕಟ್ಟುತ್ತಿರುತ್ತೀರಿ. ಮನೆಯಲ್ಲೂ ಆಫೀಸಿನಲ್ಲೂ ವೈಫೈ ಇದ್ದು ದಿನಕ್ಕೆ ಎರಡು ಜಿಬಿ ಪ್ಲಾನ್ ಹಾಕಿಸಿರುತ್ತೀರಿ. ಜಿಮ್, ಕ್ಲೌಡ್ ಸ್ಟೋರೇಜ್, ಇಂಗ್ಲಿಷ್ ಕಲಿಯುವ ಆ್ಯಪ್. ಆಟೋಪೇ ದುಡ್ಡು ಕಡಿತವಾಗುವ ಕನಿಷ್ಠ 24 ಗಂಟೆ ಮೊದಲು ಸಂದೇಶ ಬರಬೇಕು ಅನ್ನುವ ನಿಯಮವಿದೆ. ಸಂದೇಶ ಬರುತ್ತದೆ, ಯಾರೂ ಓದುವುದಿಲ್ಲ. ನಮ್ಮ ಉದಾಹರಣೆಯ ಮನೆಯಲ್ಲಿ ಇಷ್ಟರಿಂದ 700 ಉಳಿಯಿತು ಅಂತ ಇಟ್ಟುಕೊಳ್ಳಿ.

ವಿಮೆ ಮತ್ತು ತೆರಿಗೆ

ಇಬ್ಬರ ಕಂಪನಿಯೂ ಆರೋಗ್ಯ ವಿಮೆ ಕೊಟ್ಟು, ಇಬ್ಬರೂ ಪರಸ್ಪರರ ಹೆಸರು ಸೇರಿಸಿ, ಅದಕ್ಕೆ ಸಂಬಳದಿಂದ ಹಣ ಕಡಿತವಾಗುತ್ತಿದೆಯಾ ಅಂತ ನೋಡಿ. ಹಾಗಿದ್ದರೆ ಒಂದು ಕಡೆ ತೆಗೆಸುವ ಬಗ್ಗೆ ಯೋಚಿಸಬಹುದು. ಆದರೆ ಕಂಪನಿ ವಿಮೆ ಇದೆ ಅಂತ ಸ್ವಂತ ಪಾಲಿಸಿ ನಿಲ್ಲಿಸಬೇಡಿ. ಕೆಲಸ ಹೋದ ದಿನ ಆ ವಿಮೆಯೂ ಹೋಗುತ್ತದೆ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆ, ಜೀವ ವಿಮೆಯ ಪ್ರೀಮಿಯಂ ಮೇಲಿನ ಶೇ 18 ಜಿಎಸ್‌ಟಿ ಪೂರ್ತಿ ಹೋಗಿದೆ. ನವೀಕರಣದ ನೋಟಿಸ್ ಬಂದಾಗ ತೆರಿಗೆಯ ಸಾಲು ಸೊನ್ನೆ ಇದೆಯಾ ನೋಡಿ. ಮೂಲ ಪ್ರೀಮಿಯಂ ಏರಿದ್ದರೆ ಅದು ಬೇರೆ ವಿಷಯ.

ಮಾರ್ಚ್ ಬಂತೆಂದರೆ "ಟ್ಯಾಕ್ಸ್ ಉಳಿಸಲು" ಪಾಲಿಸಿ ಕೊಳ್ಳುವ ಅಭ್ಯಾಸ ಇನ್ನೂ ಹೋಗಿಲ್ಲ. ಹೊಸ ತೆರಿಗೆ ಪದ್ಧತಿಯಲ್ಲಿ 2025-26ರಿಂದ ಸಂಬಳದಾರರಿಗೆ ವರ್ಷಕ್ಕೆ 12.75 ಲಕ್ಷದವರೆಗೆ ತೆರಿಗೆ ಇಲ್ಲ. ಜೀವ ವಿಮೆ, ಇಎಲ್‌ಎಸ್‌ಎಸ್ (ತೆರಿಗೆ ಉಳಿಸುವ ಮ್ಯೂಚುವಲ್ ಫಂಡ್) ತೋರಿಸಿ ಪಡೆಯುವ 80ಸಿ ವಿನಾಯಿತಿಯೂ ಅದರಲ್ಲಿ ಇಲ್ಲ. ನಮ್ಮ ಉದಾಹರಣೆಯ ಇಬ್ಬರೂ ಈ ಮಿತಿಯ ಒಳಗೇ ಬರುತ್ತಾರೆ. ಅವರು ತೆರಿಗೆಗೆ ಅಂತ ಕೊಂಡ ಪಾಲಿಸಿ ತೆರಿಗೆಯಲ್ಲಿ ಒಂದು ರೂಪಾಯಿಯನ್ನೂ ಉಳಿಸುತ್ತಿಲ್ಲ. ಹಾಗಂತ ಹಳೇ ಪಾಲಿಸಿಯನ್ನು ಅವಸರದಲ್ಲಿ ಸರೆಂಡರ್ ಮಾಡಬೇಡಿ, ಎಷ್ಟು ವಾಪಸ್ ಬರುತ್ತದೆ ಕೇಳಿ. ಹೊಸದನ್ನು ಕೊಳ್ಳುವ ಮುಂಚೆ ಮಾತ್ರ ಕೈ ತಡೆಯಿರಿ.

ಕರೆಂಟು, ಓಡಾಟ

ಬಾಡಿಗೆ ಮನೆಯವರಿಗೂ ಗೃಹಜ್ಯೋತಿ ಇದೆ. ಸೇವಾಸಿಂಧುವಿನಲ್ಲಿ ಆಧಾರ್ ಮತ್ತು ಬಿಲ್ಲಿನ ಮೇಲಿನ ಖಾತೆ ಸಂಖ್ಯೆ ಕೊಟ್ಟು ನೋಂದಾಯಿಸಬೇಕು. ಮನೆ ಬದಲಿಸಿದವರು ಇಲ್ಲಿ ಸಿಕ್ಕಿಕೊಳ್ಳುತ್ತಾರೆ. ಹಳೇ ಮನೆಯ ಮೀಟರಿಗೆ ಆಧಾರ್ ಇನ್ನೂ ಅಂಟಿಕೊಂಡಿರುತ್ತದೆ, ಹೊಸ ಮನೆಯಲ್ಲಿ ಪೂರ್ತಿ ಬಿಲ್ ಕಟ್ಟುತ್ತಿರುತ್ತಾರೆ. ಮೊದಲು ಹಳೆಯದನ್ನು ಡಿಲಿಂಕ್ ಮಾಡಿ, ಆಮೇಲೆ ಹೊಸದಕ್ಕೆ ಅರ್ಜಿ ಹಾಕಿ.

ಎಲ್ಲರಿಗೂ 200 ಯೂನಿಟ್ ಉಚಿತ ಅಂತ ತಿಳಿದುಕೊಂಡವರು ಬಹಳ. ಹಾಗಿಲ್ಲ. ಮೀಟರಿನ ಹಳೇ ಸರಾಸರಿಗೆ ಸ್ವಲ್ಪ ಸೇರಿಸಿ ನಿಮ್ಮ ಮಿತಿ ನಿಗದಿಯಾಗುತ್ತದೆ. ಅದನ್ನು ದಾಟಿದರೆ ಹೆಚ್ಚಾದ ಯೂನಿಟ್ಟಿಗೆ ಮಾತ್ರ ದುಡ್ಡು. 200 ದಾಟಿದರೆ ಪೂರ್ತಿ ಬಿಲ್. ಹಾಗಾಗಿ 190ರ ಆಸುಪಾಸಿನಲ್ಲಿ ಇರುವ ಮನೆಗೆ ಗೀಸರ್ ಬಹಳ ಮುಖ್ಯ. ಎರಡು ಕಿಲೋವಾಟ್ ಗೀಸರ್ ದಿನಕ್ಕೆ 40 ನಿಮಿಷ ಓಡಿದರೆ ತಿಂಗಳಿಗೆ 40 ಯೂನಿಟ್. ಸ್ವಿಚ್ ಹಾಕಿ ಮರೆಯುವ ಮನೆಯಲ್ಲಿ ಇನ್ನೂ ಜಾಸ್ತಿ. ಎಲ್‌ಇಡಿ ಬಲ್ಬಿನ ಚಿಂತೆ ಬಿಡಿ, ಗೀಸರ್ ನೋಡಿ. ಉದಾಹರಣೆಯ ಮನೆಗೆ ಇಲ್ಲಿ 900 ಉಳಿತಾಯ.

ಓಡಾಟದಲ್ಲಿ, ಅವಳಿಗೆ ಬಿಎಂಟಿಸಿ ಸಾಮಾನ್ಯ ಬಸ್ಸು 2023ರ ಜೂನ್ 11ರಿಂದ ಉಚಿತ. ವಜ್ರದಂಥ ಎಸಿ ಬಸ್ಸಿಗೆ ಇಲ್ಲ. ಊರಿಗೆ ಹೋಗುವ ಸಾಮಾನ್ಯ ಸಾರಿಗೆಯಲ್ಲೂ, ರಾಜ್ಯದ ಒಳಗೆ, ಅವಳ ಟಿಕೆಟ್ ಸೊನ್ನೆ. ಮೆಟ್ರೋ ದರ 2025ರ ಫೆಬ್ರವರಿಯಲ್ಲಿ ಏರಿ ಗರಿಷ್ಠ 90 ಆಯಿತು. ಸ್ಮಾರ್ಟ್ ಕಾರ್ಡಿಗೆ ಶೇ 5 ರಿಯಾಯಿತಿ, ಜನ ಕಡಿಮೆ ಇರುವ ಹೊತ್ತಿನಲ್ಲಿ ಇನ್ನೂ ಶೇ 5. ಕಾರಿನಲ್ಲಿ ಮೈಸೂರು, ಹಾಸನ ಕಡೆ ಆಗಾಗ ಹೋಗುವವರು ಫಾಸ್ಟ್ಯಾಗ್ ವಾರ್ಷಿಕ ಪಾಸ್ ಲೆಕ್ಕ ಹಾಕಿ ನೋಡಿ. 2025ರ ಆಗಸ್ಟ್ 15ರಂದು ಶುರುವಾದಾಗ 3,000 ರೂಪಾಯಿಗೆ 200 ಟೋಲ್ ಇತ್ತು. ರಾಷ್ಟ್ರೀಯ ಹೆದ್ದಾರಿಗೆ ಮಾತ್ರ, ನೈಸ್ ರಸ್ತೆಗೆ ನಡೆಯುವುದಿಲ್ಲ. ವರ್ಷಕ್ಕೆರಡು ಸಲ ಮಾತ್ರ ಹೋಗುವವರಿಗೆ ಬೇಡ.

ಈ ದಂಪತಿಗೆ ಓಡಾಟದಲ್ಲಿ 800.

ಊಟ

8,500ದ ಹೋಟೆಲ್, ಆನ್‌ಲೈನ್ ಊಟವನ್ನು ಸೊನ್ನೆಗೆ ತರುತ್ತೇವೆ ಅಂತ ಶಪಥ ಮಾಡಬೇಡಿ. ಮೂರು ತಿಂಗಳ ಆರ್ಡರ್ ಪಟ್ಟಿ ತೆಗೆದು ದಿನ, ಹೊತ್ತು ನೋಡಿ. ಸಾಮಾನ್ಯವಾಗಿ ಒಂದು ನಮೂನೆ ಕಾಣುತ್ತದೆ: ಇಬ್ಬರೂ ತಡವಾಗಿ ಬರುವ ಅದೇ ಬುಧವಾರ, ಅದೇ ಗುರುವಾರ. ರುಚಿಗೆ ತರಿಸಿದ್ದು ಕಡಿಮೆ, ಸುಸ್ತಿಗೆ ತರಿಸಿದ್ದು ಜಾಸ್ತಿ. ಸುಸ್ತಿಗೆ ಶಿಸ್ತು ಮದ್ದಲ್ಲ. ಆ ಎರಡು ರಾತ್ರಿಗೆ ಫ್ರಿಜ್ಜಿನಲ್ಲಿ ದೋಸೆ ಹಿಟ್ಟು, ಡಬ್ಬದಲ್ಲಿ ಚಟ್ನಿಪುಡಿ, ಹುರಿದಿಟ್ಟ ರವೆ ಇದ್ದರೆ ಸಾಕು. ಅಂಗಡಿಯ ಹಿಟ್ಟಾದರೂ ಆಗಬಹುದು, ಅದಕ್ಕೆ ಬೇಜಾರು ಬೇಡ. ಆ್ಯಪಿನ ಊಟಕ್ಕೆ ಡೆಲಿವರಿ, ಪ್ಲಾಟ್‌ಫಾರ್ಮ್, ಪ್ಯಾಕಿಂಗ್ ಅಂತ ಸೇರುವುದನ್ನು ಒಂದೇ ಒಂದು ಬಿಲ್ಲಿನಲ್ಲಿ ಕೂಡಿ ನೋಡಿ. ಶನಿವಾರ ಹೊರಗೆ ಹೋಗಿ ಕೂತು ಉಣ್ಣುವುದನ್ನು ಮುಟ್ಟಬೇಡಿ, ಅದು ನಿಮ್ಮಿಬ್ಬರ ಹೊತ್ತು. ತಿಂಗಳಿಗೆ 2,500 ಇಳಿದರೆ ಸಾಕು.

ಹತ್ತು ನಿಮಿಷದಲ್ಲಿ ಸಾಮಾನು ತರುವ ಆ್ಯಪ್ ಇಬ್ಬರ ಫೋನಿನಲ್ಲೂ ಇದ್ದರೆ ಒಂದು ತೊಂದರೆ. ಇಬ್ಬರೂ ಕೊತ್ತಂಬರಿ ತರಿಸುತ್ತೀರಿ, ಇಬ್ಬರೂ ಉಚಿತ ಡೆಲಿವರಿಗೆ ಅಂತ ಬಿಸ್ಕತ್ತು ಸೇರಿಸುತ್ತೀರಿ. ಒಂದೇ ಫೋನಿನಲ್ಲಿ ಇರಲಿ. ತರಕಾರಿಯನ್ನು ವಾರಕ್ಕೊಮ್ಮೆ ಹತ್ತಿರದ ಸಂತೆಯಿಂದಲೋ ಹಾಪ್‌ಕಾಮ್ಸ್‌ನಿಂದಲೋ ತನ್ನಿ. ಹಾಪ್‌ಕಾಮ್ಸ್‌ನಲ್ಲಿ ಅವತ್ತಿನ ದರದ ಪಟ್ಟಿ ಇರುತ್ತದೆ, ಅದನ್ನು ನೋಡಿಕೊಂಡರೆ ಬೇರೆ ಕಡೆ ಚೌಕಾಸಿ ಮಾಡುವುದೂ ಸುಲಭ.

ಕೈ ಹಾಕಬಾರದ ಜಾಗ

ಮನೆಗೆಲಸದವರ ಸಂಬಳ ಕಡಿತ ಮಾಡಿ ಬಜೆಟ್ ಸರಿಮಾಡುವವರನ್ನು ನೋಡಿದರೆ ನನಗೆ ಸಿಟ್ಟು ಬರುತ್ತದೆ. ಒಟಿಟಿ ನಾಲ್ಕು ಇರುತ್ತದೆ, ಅವರ 300 ರೂಪಾಯಿ ಭಾರವಾಗುತ್ತದೆ.

ಅಪ್ಪ ಅಮ್ಮನಿಗೆ ಕಳಿಸುವ ದುಡ್ಡಿನಲ್ಲೂ ಉಳಿತಾಯ ಹುಡುಕಬೇಡಿ. ಅದರ ಬದಲು ಎರಡೂ ಕಡೆಯ ಮೊತ್ತವನ್ನು ಬಾಯಿಬಿಟ್ಟು ಹೇಳಿಕೊಳ್ಳಿ. ಒಂದು ಕಡೆಗೆ ಪಟ್ಟಿಯಲ್ಲಿ, ಇನ್ನೊಂದು ಕಡೆಗೆ ಗುಟ್ಟಾಗಿ ಕಳಿಸುವುದೇ ಮುಂದೆ ಜಗಳವಾಗುವುದು. ಖರ್ಚು ಇಳಿಸಬಹುದಾದ ಒಂದು ದಾರಿ ಅವರ ಔಷಧಿ. ಬಿಪಿ, ಶುಗರ್‌ನಂಥ ದಿನನಿತ್ಯದ ಮಾತ್ರೆಗಳು ಜನೌಷಧಿ ಅಂಗಡಿಯಲ್ಲಿ ಬ್ರ್ಯಾಂಡ್ ಔಷಧಿಗಿಂತ ಅರ್ಧಕ್ಕೂ ಕಡಿಮೆ ಬೆಲೆಗೆ ಸಿಗುತ್ತವೆ. ಔಷಧಿ ಚೀಟಿಯಲ್ಲಿ ರಾಸಾಯನಿಕ ಹೆಸರು ಬರೆದುಕೊಡಿ ಅಂತ ವೈದ್ಯರನ್ನು ಕೇಳಿ, ಅವರು ಒಪ್ಪಿದ ಮೇಲೆ ಬದಲಿಸಿ. 500 ಅಂತ ಬರೆದುಕೊಳ್ಳೋಣ.

ಉಳಿದದ್ದನ್ನು ಎತ್ತಿಡುವುದು

700, 900, 800, 2,500, 500. ಕೂಡಿದರೆ 5,400. ವರ್ಷಕ್ಕೆ 64,800. ಸಾಲದ ಬಡ್ಡಿಯಲ್ಲಿ ಉಳಿಸಿದ್ದು ಇದರಲ್ಲಿ ಸೇರಿಲ್ಲ. ಮೊದಲೇ ಉಳಿಯುತ್ತಿದ್ದ 2,000 ಸೇರಿಸಿದರೆ ತಿಂಗಳಿಗೆ 7,400.

ಇದು ಖಾತೆಯಲ್ಲೇ ಇದ್ದರೆ ಖಂಡಿತ ಉಳಿಯುವುದಿಲ್ಲ. ಸಂಬಳ ಬಂದ ಮಾರನೇ ದಿನಕ್ಕೆ ಎರಡು ಆಟೋಪೇ ಹಾಕಿ. ವರ್ಷದ ಖರ್ಚಿನ 8,500 ಬೇರೆ ಖಾತೆಗೆ. 7,400ರಲ್ಲಿ ಇಬ್ಬರ ಕೈಖರ್ಚು ಎತ್ತಿಟ್ಟು, ಉಳಿದದ್ದು ಆರ್‌ಡಿಗೆ, ಅಂದರೆ ತಿಂಗಳು ತಿಂಗಳು ಕಟ್ಟುವ ಠೇವಣಿಗೆ. ಕೈಯಲ್ಲಿ ಒಂದಿಷ್ಟು ಇರಲಿ, ಏನೋ ಒಂದು ಬಂದೇ ಬರುತ್ತದೆ. ಮೂರು ತಿಂಗಳ ಖರ್ಚಿನಷ್ಟು ಕೂಡುವವರೆಗೆ ಷೇರು, ಮ್ಯೂಚುವಲ್ ಫಂಡ್ ಅಂತ ಹೋಗಬೇಡಿ. ದುಬಾರಿ ಸಾಲ ಇದ್ದರೆ ಅದಕ್ಕೇ ಮೊದಲು. ಆರ್‌ಡಿ ಯಾರ ಹೆಸರಲ್ಲಿದ್ದರೂ ನಾಮಿನಿ ಇನ್ನೊಬ್ಬರು. ಖಾತೆ, ಪಾಲಿಸಿ, ಸಾಲದ ಸಂಖ್ಯೆಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಬೀರುವಿನಲ್ಲಿಡಿ, ಪಾಸ್‌ವರ್ಡ್ ಮಾತ್ರ ಅದರಲ್ಲಿ ಬೇಡ.

ಮತ್ತೆ ಕೂರುವುದು ಮೂರು ತಿಂಗಳ ಮೇಲೆ. ಆ ಸಲ ಇಷ್ಟೆಲ್ಲ ಕಾಗದ ಬೇಕಿಲ್ಲ. ಆಟೋಪೇ ಪಟ್ಟಿ, ಕಾರ್ಡಿನ ಬಾಕಿ, ವರ್ಷದ ಖಾತೆಯಲ್ಲಿ ಎಷ್ಟಿದೆ, ಇಷ್ಟೇ. ಏಪ್ರಿಲ್‌ನಲ್ಲಿ ಮಾತ್ರ ಪೂರ್ತಿ ಪಟ್ಟಿ ಹೊಸದಾಗಿ ಬರೆಯಿರಿ. ಸಂಬಳ ಏರುವುದು, ಕರೆಂಟಿನ ದರ ಬದಲಾಗುವುದು ಸಾಮಾನ್ಯವಾಗಿ ಆ ಹೊತ್ತಿಗೇ. ಬಾಡಿಗೆ ಕರಾರು 11 ತಿಂಗಳದ್ದಾದರೆ ಅದು ಮುಗಿಯುವ ತಿಂಗಳನ್ನೂ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಮಾಲೀಕರು ಬಾಡಿಗೆ ಏರಿಸುವ ಮಾತು ತೆಗೆಯುವ ಮುಂಚೆಯೇ ಅಕ್ಕಪಕ್ಕದ ಬಾಡಿಗೆ ವಿಚಾರಿಸಿ ಇಟ್ಟುಕೊಳ್ಳಿ.